ಒಪ್ಪಿಸುವುದು ಬೇರೆ, ತೊರೆಯುವುದು ಬೇರೆ



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನ ಬೆಂಕಿಯ ಮುಂದೆ ರಾತ್ರಿಯಿಡೀ ಎಚ್ಚರವಿದ್ದು ಮಕ್ಕಳನ್ನು ಓದಿಸಿದ ಎಷ್ಟೋ ತಂದೆತಾಯಿಗಳು ಇಂದು ಮುದುಕರಾಗಿದ್ದಾರೆ. ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದಾರೆ. ಅಪ್ಪ ತೀರಿಹೋದ ಮೇಲೆ ಊರಿನ ಮನೆಯಲ್ಲಿ ಅಮ್ಮ ಒಬ್ಬಳೇ. ಒಂದು ದಿನ ಬಚ್ಚಲಲ್ಲಿ ಜಾರಿ ಬೀಳುತ್ತಾಳೆ. ಆಗ ಮಕ್ಕಳೊಳಗೆ ಮಾತು ಹುಟ್ಟುತ್ತದೆ: "ಒಳ್ಳೆಯ ವೃದ್ಧಾಶ್ರಮ ಎಲ್ಲಿದೆ?"

ಹೀಗೆ ಕೇಳುವುದೇ ಪಾಪವೇ? ಅಲ್ಲ. ಶಿಲುಬೆಯ ಮೇಲಿದ್ದ ಯೇಸುಸ್ವಾಮಿ ತಮ್ಮ ತಾಯಿಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದರು (ಯೊವಾನ್ನ 19:26-27). ಫ್ರಾನ್ಸಿನ ಸಂತ ಝಾನ್ ಜುಗಾನ್ 1839ರ ಚಳಿಗಾಲದಲ್ಲಿ ಕುರುಡಿಯಾದ ಒಬ್ಬ ವಿಧವೆಯನ್ನು ಮನೆಗೆ ತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅವರು ಸ್ಥಾಪಿಸಿದ ಸಭೆಯ ಸಹೋದರಿಯರು ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಬಡ ವೃದ್ಧರ ಸೇವೆ ಮಾಡುತ್ತಾ ಬಂದಿದ್ದಾರೆ. ಪಾಪವಿರುವುದು ಒಪ್ಪಿಸುವುದರಲ್ಲಲ್ಲ, ಒಪ್ಪಿಸಿ ಮರೆಯುವುದರಲ್ಲಿ.

ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟಿ, ನಿನಗೆ ಇಷ್ಟವಿಲ್ಲದ ಕಡೆ ಒಯ್ಯುವನೆಂದು ಸ್ವಾಮಿ ಪೇತ್ರರಿಗೆ ತಿಳಿಸಿದರು (ಯೊವಾನ್ನ 21:18). ಅದು ಅವರ ರಕ್ತಸಾಕ್ಷಿ ಮರಣದ ಸೂಚನೆ. ಆದರೆ ಎಷ್ಟು ಮನೆಗಳಲ್ಲಿ ಅದು ಅಕ್ಷರಶಃ ನಡೆಯುತ್ತಿದೆ! "ಆಸ್ಪತ್ರೆಗೆ ಹೋಗೋಣ" ಎಂದು ಕಾರು ಹತ್ತಿಸಿ ಆಶ್ರಮದಲ್ಲಿ ಇಳಿಸಬೇಡಿ. ಮೊದಲು ಕೇಳಿ. ಅವರನ್ನೇ ಕರೆದೊಯ್ದು ತೋರಿಸಿ.

ಹೇಳದೆ ಊಟದ ವೇಳೆಗೆ ಹೋಗಿ ನೋಡಿ. ರಾತ್ರಿ ಎಬ್ಬಿಸಿ ಶೌಚಕ್ಕೆ ಕರೆದೊಯ್ಯುವವರು ಯಾರು? ಹಾಸಿಗೆ ಹಿಡಿದರೆ ಇರಿಸಿಕೊಳ್ಳುತ್ತಾರೋ, ವಾಪಸು ಕಳುಹಿಸುತ್ತಾರೋ? ಠೇವಣಿ ಹಣ ಮರಳುತ್ತದೆಯೇ? ಬಲಿಪೂಜೆ, ಪರಮಪ್ರಸಾದ, ರೋಗಿಗಳ ಅಭ್ಯಂಗಕ್ಕೆ ಧರ್ಮಗುರು ಬರುತ್ತಾರೆಯೇ? ಎಚ್.ಡಿ. ಕೋಟೆಯ ತಾಯಿಯನ್ನು ಮೈಸೂರಿನಲ್ಲಿಟ್ಟರೆ ನೆರೆಯವಳೊಬ್ಬಳು ಬೆಳಿಗ್ಗೆ ಬಸ್ಸು ಹತ್ತಿ, ನೋಡಿಕೊಂಡು ಸಂಜೆಗೆ ಮರಳಬಲ್ಲಳು. ದೂರದ ದೊಡ್ಡ ಕಟ್ಟಡಕ್ಕಿಂತ ಅದು ಮೇಲು.

ಇನ್ನೊಂದು ಮಾತು. ದೇವರಿಗೆ ಮೀಸಲು ಎಂಬ ನೆಪದಲ್ಲಿ ಹೆತ್ತವರಿಗೆ ಸಲ್ಲಬೇಕಾದುದನ್ನು ತಪ್ಪಿಸುವವರನ್ನು ಯೇಸು ಖಂಡಿಸಿದರು (ಮಾರ್ಕ 7:9-13). ಇಂದಿನ ನೆಪ ಬೇರೆ: ಹೊಲವನ್ನು ಹೆಸರಿಗೆ ಬರೆಸಿಕೊಂಡ ಮೇಲೆ ಖರ್ಚು ಯಾರದೆಂದು ಅಣ್ಣತಮ್ಮಂದಿರ ಜಗಳ. ಹಿರಿಯರೇ, 2007ರ ಪಾಲಕರ ಪೋಷಣೆ ಕಾಯಿದೆ ನಿಮ್ಮ ಪರವಾಗಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕಿನವರು ಹುಣಸೂರಿನ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ದಾನಪತ್ರ ಬರೆಯುವುದಾದರೆ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಅದರಲ್ಲೇ ಬರೆಸಿ; ಮಾತು ತಪ್ಪಿದರೆ ಪತ್ರವನ್ನು ರದ್ದುಗೊಳಿಸಲು ಕೇಳಬಹುದು.

ಮಕ್ಕಳೇ, ತಿಂಗಳ ಹಣ ಕಳುಹಿಸಿದ ಮಾತ್ರಕ್ಕೆ ನಾಲ್ಕನೆಯ ಕಟ್ಟಳೆ ತೀರುವುದಿಲ್ಲ. ಜೂನ್ 13ರ ಹಬ್ಬಕ್ಕೆ ದೋರನಹಳ್ಳಿಯ ಸಂತ ಅಂತೋಣಿಯವರ ಬಳಿಗೆ ಹರಕೆ ಹೊತ್ತು ಬರುತ್ತೀರಲ್ಲವೇ? ಈ ಸಲ ದಾರಿಯಲ್ಲಿ ಆಶ್ರಮಕ್ಕೆ ಹೋಗಿ, ನಿಮಗೆ ಜಪಸರ ಕಲಿಸಿದ ಆ ತಾಯಿಯನ್ನೂ ಜೊತೆಯಲ್ಲಿ ಕರೆತನ್ನಿ.