ಸುನಿಲ್ ಛೇತ್ರಿ ಆಗದ ಹುಡುಗ

“ಅಣ್ಣಾ, ಇವನೇನು ಸುನಿಲ್ ಛೇತ್ರಿ ಆಗ್ತಾನಾ? ಆಗೋದಿಲ್ಲಾಂದ್ರೆ ಭಾನುವಾರವೂ ಕ್ಲಾಸಿಗೆ ಹೋಗಲಿ.”

ಡೊಂಬಿವಲಿಯ ಮನೆಯಲ್ಲಿ ತಂಗಿ ಹೀಗೆ ಕೇಳಿದಾಗ ಅವಳ ಕೈಯಲ್ಲಿ ಮಗನ ಕೆಸರು ಮೆತ್ತಿದ ಸಾಕ್ಸ್ ಇತ್ತು. ಹುಡುಗನಿಗೆ ಹದಿನಾಲ್ಕು ವರ್ಷ. ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್. ಚೆನ್ನಾಗಿ ಆಡುತ್ತಾನೆ, ಆದರೆ ನೋಡಿದವರು ಬೆರಗಾಗುವಷ್ಟು ಅಲ್ಲ. ಛೇತ್ರಿ ಆಗಲಾರ ಎಂದು ನನಗೂ ಗೊತ್ತು, ಅವನಿಗೂ ಗೊತ್ತಿರಬಹುದು. ಮುಂದಿನ ವರ್ಷ ಬೋರ್ಡ್ ಪರೀಕ್ಷೆ ಇರುವ ಮಗನ ತಾಯಿ ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ನನ್ನನ್ನು ಕಾಡಿದ್ದು ಆ ಪ್ರಶ್ನೆಯಲ್ಲಿ ಎರಡೇ ದಾರಿಗಳಿದ್ದದ್ದು: ಶಿಖರ, ಇಲ್ಲವಾದರೆ ಮನೆ. ನಡುವೆ ನಿಲ್ಲುವ ಜಾಗ ಅವಳಿಗೆ ಕಾಣಲಿಲ್ಲ. ಇಲ್ಲದ್ದು ಹೇಗೆ ಕಂಡೀತು?

ಆ ಜಾಗ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ಕಣ್ಣಾರೆ ಕಂಡ ಉದಾಹರಣೆಯೊಂದಿದೆ. ಆ್ಯಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರು, ಅವರೂ ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಪಳಗಿದರೂ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. 1995ರಲ್ಲಿ ಕ್ರೂ ಅಲೆಕ್ಸಾಂಡ್ರಾ ಎಂಬ ಸಣ್ಣ ಕ್ಲಬ್ಬಿಗೆ ಹೋದರು. ಅಲ್ಲಿಂದ ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ರೆಕ್ಸ್‌ಹ್ಯಾಮ್. ಪ್ರೀಮಿಯರ್ ಲೀಗಿನಲ್ಲಿ ಆಡಿದ ಪಂದ್ಯಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದ ವರ್ಷಗಳೆಲ್ಲ ಕೆಳಗಿನ ದರ್ಜೆಗಳಲ್ಲಿ ಕಳೆದವು.

2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಅವರು ಕೋಚ್ ಆಗಿ ಬಂದರು. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು. ಮರುವರ್ಷ ಫೆಡರೇಶನ್ ಕಪ್, 2015-16ರಲ್ಲಿ ಮತ್ತೆ ಐ-ಲೀಗ್. ಆ ತಂಡದ ನಾಯಕ ಸುನಿಲ್ ಛೇತ್ರಿ. ನನ್ನ ತಂಗಿ ಯಾರ ಹೆಸರನ್ನು ಅಳತೆಗೋಲಾಗಿ ಹಿಡಿದಳೋ ಆ ಆಟಗಾರನಿಗೆ ಮೂರು ವರ್ಷ ಆಟದ ಪಾಠ ಹೇಳಿದವರು, ತಮ್ಮ ದೇಶದಲ್ಲಿ ಛೇತ್ರಿಯಂಥ ಎತ್ತರ ಏರದೇ ಹೋದವರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಛೇತ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿ ಗೋಲು ಹೊಡೆದರು. ಆದರೂ ಅಫ್ಘಾನಿಸ್ತಾನ 2-1ರಿಂದ ನಮ್ಮನ್ನು ಸೋಲಿಸಿತು. ಆ ತಂಡದ ಕೋಚ್ ಇದೇ ವೆಸ್ಟ್‌ವುಡ್. ಮರುವರ್ಷ ಜೂನ್‌ನಲ್ಲಿ ಹಾಂಗ್‌ಕಾಂಗ್ ನಮ್ಮನ್ನು 1-0ರಿಂದ ಸೋಲಿಸಿದಾಗಲೂ ಆ ಕಡೆಯ ಬೆಂಚಿನಲ್ಲಿದ್ದವರು ಅವರೇ.

ಮುಂಬಯಿಗೂ ಇಂಥ ಕೋಚ್ ಹೊಸತಲ್ಲ. ಮಹೀಂದ್ರಾ ಯುನೈಟೆಡ್‌ಗೂ ಆಮೇಲೆ ಮುಂಬಯಿ ಎಫ್‌ಸಿಗೂ ಕೋಚ್ ಆಗಿದ್ದ ಡೇವಿಡ್ ಬೂತ್, ಬಾರ್ನ್ಸ್‌ಲಿ ಮತ್ತು ಗ್ರಿಮ್ಸ್‌ಬಿ ಟೌನ್ ಎಂಬ ಕೆಳದರ್ಜೆಯ ತಂಡಗಳಲ್ಲಿ ಆಡಿ ಬಂದವರು.

ಸಾಧಾರಣ ಆಟಗಾರ ಒಳ್ಳೆಯ ಗುರುವಾಗುತ್ತಾನೆ ಎಂದು ಹೇಳಿ ಇಲ್ಲಿಗೇ ಮುಗಿಸಿಬಿಡುವುದು ಸುಲಭ. ಸೋಲೇ ಅವನಿಗೆ ಪಾಠ ಕಲಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೋತವರು ನಮ್ಮ ಕಲ್ಯಾಣ್, ಉಲ್ಲಾಸನಗರದಲ್ಲಿ ಬೇಕಾದಷ್ಟಿದ್ದಾರೆ. ಹದಿನೆಂಟಕ್ಕೆ ಬೂಟು ಕಳಚಿಟ್ಟು ಕಾಲ್‌ಸೆಂಟರಿಗೋ ಕೊರಿಯರ್ ಕೆಲಸಕ್ಕೋ ಹೋದ ಅವರೆಲ್ಲ ಕೋಚ್‌ಗಳಾಗಲಿಲ್ಲ. ಕಲಿಯಲು ಸೋಲು ಸಾಲದು, ಸಂಬಳವೂ ಬೇಕು. ಹದಿನೈದು ವರ್ಷ ವಾರವಾರವೂ ತನಗಿಂತ ಚುರುಕಾದವರ ಎದುರು ನಿಂತು, ಪ್ರತಿ ತಿಂಗಳೂ ಮನೆಬಾಡಿಗೆ ಕಟ್ಟಿ, ಮತ್ತೆ ಮರುದಿನ ಅಭ್ಯಾಸಕ್ಕೆ ಬರುವಷ್ಟು ಬಿಡುವನ್ನು ಯಾರಾದರೂ ಕೊಟ್ಟಿರಬೇಕು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್ಬುಗಳ ಕೆಳಗೆ ಮೂರು ದರ್ಜೆಗಳಲ್ಲಿ ಇನ್ನೂ 72 ವೃತ್ತಿಪರ ಕ್ಲಬ್ಬುಗಳಿವೆ. ತಂಡಕ್ಕೆ ಇಪ್ಪತ್ತು ಮಂದಿ ಎಂದು ಹಿಡಿದರೂ, ತಾರೆಗಳಾಗದೆ ಆಟದಿಂದಲೇ ಅನ್ನ ಕಾಣುವವರು ಸಾವಿರಕ್ಕೂ ಹೆಚ್ಚು. ವೆಸ್ಟ್‌ವುಡ್ ಅಂಥವರಲ್ಲಿ ಒಬ್ಬರು.

ನಮ್ಮವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಕರಾವಳಿಯಿಂದ ಬಂದ ಯಾರನ್ನೇ ಕೇಳಿ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲರಿಂದ ಶುರುಮಾಡುತ್ತಾನೆ. ಎಲ್ಲರೂ ಕೊನೆಗೆ ರಾಜವೇಷ ಕಟ್ಟುವುದಿಲ್ಲ. ಕೆಲವರು ಮೂವತ್ತು ತಿರುಗಾಟ ಮಾಡಿದರೂ ಸಣ್ಣ ವೇಷಗಳಲ್ಲೇ ಉಳಿಯುತ್ತಾರೆ. ಅವರನ್ನು ಸೋತವರೆಂದು ಕರೆದವರನ್ನು ನಾನು ಕಂಡಿಲ್ಲ. ಯಾವ ಪದ್ಯಕ್ಕೆ ಎಲ್ಲಿ ನಿಲ್ಲಬೇಕು, ಯಾವ ಪ್ರಸಂಗದಲ್ಲಿ ಯಾರ ಪ್ರವೇಶ ಯಾವಾಗ ಎಂದು ಹೊಸಬರು ಕೇಳಿ ತಿಳಿಯುವುದು ವೇಷ ಕಟ್ಟುವ ಚೌಕಿಯಲ್ಲಿ ಕೂತ ಅವರಿಂದಲೇ. ಹೆಸರಾಂತ ಕಲಾವಿದ ರಂಗದಿಂದ ಇಳಿದೊಡನೆ ಅಭಿಮಾನಿಗಳ ನಡುವೆ ಮುಳುಗಿಹೋಗುತ್ತಾನೆ, ಸಣ್ಣ ವೇಷದವನು ಚೌಕಿಯಲ್ಲೇ ಇರುತ್ತಾನೆ.

ಇಂಥ ನಡುವಿನ ಜಾಗ ನಮ್ಮ ಫುಟ್‌ಬಾಲಿನಲ್ಲೂ ಒಂದು ಕಾಲಕ್ಕೆ ಇತ್ತು. ಮುಂಬಯಿಯಲ್ಲಿ ಟಾಟಾ, ಮಫತ್‌ಲಾಲ್, ಮಹೀಂದ್ರಾ, ಏರ್ ಇಂಡಿಯಾ, ಸೆಂಟ್ರಲ್ ರೈಲ್ವೆ; ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳಿದ್ದವು. ಕ್ರೀಡಾ ಕೋಟಾದಲ್ಲಿ ನೌಕರಿ, ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಆಫೀಸು.

ಅಳಿಯನಿಗೆ ಕಲಿಸುವವರು ಆ ಜಗತ್ತಿನ ಕೊನೆಯ ತಲೆಮಾರಿನವರು. ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ. ಒಂದು ಭಾನುವಾರ ನೋಡುತ್ತ ಕೂತಿದ್ದೆ. ಚೆಂಡು ಬರುತ್ತಿತ್ತು. ಹುಡುಗ ಅದನ್ನೇ ದಿಟ್ಟಿಸುತ್ತ ನಿಂತಿದ್ದ. ಅವರು ಹಿಂದಿನಿಂದ ಬಂದು ಎರಡೇ ಬೆರಳಿನಿಂದ ಅವನ ಭುಜವನ್ನು ಅರ್ಧಕ್ಕೆ ತಿರುಗಿಸಿದರು. “ಪಹಲೇ ದೇಖ್, ಫಿರ್ ಲೇ.” ಮೊದಲು ನೋಡು, ಆಮೇಲೆ ತಗೋ. ಭುಜ ತಿರುಗಿದ್ದೇ ತಡ, ಹುಡುಗನಿಗೆ ಅರ್ಧ ಮೈದಾನ ಕಂಡಿತು. ಆಟ ಮುಗಿದ ಮೇಲೆ ಚಹಾ ಕುಡಿಯುತ್ತ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ತನಗೆ ಓಟ ಇರಲಿಲ್ಲ, ಓಡುವವರಿಗಿಂತ ಮೊದಲೇ ನೋಡದಿದ್ದರೆ ತಂಡದಲ್ಲಿ ಜಾಗ ಸಿಗುತ್ತಿರಲಿಲ್ಲ ಎಂದರು. ಎಷ್ಟು ಕಾಲ ಹಿಡಿಯಿತು ಎಂದೆ. ಏಳೆಂಟು ವರ್ಷ ಎಂದರು. ಆ ಏಳೆಂಟು ವರ್ಷ ಅವರನ್ನು ಸಾಕಿದ್ದು ರೈಲ್ವೆಯ ಸಂಬಳ.

ಇಂಗ್ಲೆಂಡನ್ನು ಸ್ವರ್ಗವೆಂದು ತೋರಿಸುವ ಆಸೆ ನನಗಿಲ್ಲ. ತಿರುಗಾಟ ಮುಗಿದು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ಮೇಳದವನಿಗೆ ಮಳೆಗಾಲದ ಚಿಂತೆ ಹತ್ತುವಂತೆ, ಅಲ್ಲೂ ಮೇ ತಿಂಗಳು ಬಂತೆಂದರೆ ಕೆಳದರ್ಜೆಯ ಆಟಗಾರನಿಗೆ ಮುಂದಿನ ವರ್ಷದ ಕರಾರಿನ ಭಯ. 1885ರಲ್ಲಿ ಹುಟ್ಟಿದ್ದ ಬೆರಿ ಎಂಬ ಕ್ಲಬ್ಬನ್ನು ಹಣದ ಮುಗ್ಗಟ್ಟಿನಿಂದಾಗಿ 2019ರಲ್ಲಿ ಲೀಗಿನಿಂದಲೇ ಹೊರಹಾಕಿದರು. ನಮ್ಮ ಕೋಟಾ ಪದ್ಧತಿಗೂ ದೋಷವಿತ್ತು. ನೌಕರಿ ಗಟ್ಟಿಯಾದ ಮೇಲೆ ಆಟ ಹಾಜರಿ ಪುಸ್ತಕದ ಸಹಿಯಾಗಿಬಿಡುತ್ತದೆ ಎಂಬ ದೂರು ಹಳೆಯದು, ಅದರಲ್ಲಿ ನಿಜವೂ ಉಂಟು. ಅವರಲ್ಲಿ ಪೈಪೋಟಿ ಇತ್ತು, ಭದ್ರತೆ ಕಡಿಮೆ. ನಮ್ಮಲ್ಲಿ ಭದ್ರತೆ ಇತ್ತು, ಪೈಪೋಟಿ ಕಡಿಮೆ. ಆದರೂ ಎರಡೂ ಕಡೆ ಸಾಧಾರಣ ಆಟಗಾರನಿಗೆ ಮೂವತ್ತೈದರವರೆಗೆ ಆಡುವ ಅವಕಾಶವಿತ್ತು.

ನಮ್ಮಲ್ಲಿ ಆ ಅವಕಾಶ ಉಳಿಯಲಿಲ್ಲ. ಮಹೀಂದ್ರಾ ತಂಡ 2010ರಲ್ಲಿ ಮುಚ್ಚಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ಮುಂಬಯಿ ತಂಡ ಆ ವರ್ಷ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆಡಿತು. ನಾವೂ ಹೋಗಿ ಕೂಗಿ ಬಂದೆವು. ಆ ಲೀಗಿಗೆ ಕೆಳಗಿನಿಂದ ಏರುವ ದಾರಿ ಆಗ ಇರಲಿಲ್ಲ. ಐ-ಲೀಗ್ ಗೆದ್ದ ಪಂಜಾಬ್ ಮೇಲೇರಿದ್ದು 2023ರಲ್ಲಿ. 2025ರ ಜುಲೈನಲ್ಲಿ, ಹಕ್ಕುಗಳ ಒಪ್ಪಂದ ನವೀಕರಣವಾಗದೆ, ಸೂಪರ್ ಲೀಗನ್ನೇ ತಡೆಹಿಡಿದಾಗ ದೇಶದ ಅತಿ ದೊಡ್ಡ ಆಟಗಾರರು ಸಹ ತಿಂಗಳುಗಟ್ಟಲೆ ದಾರಿ ಕಾಯಬೇಕಾಯಿತು. ಹಳೆಯ ಕಾಲವಾಗಿದ್ದರೆ ರೈಲ್ವೆಯೋ ಬ್ಯಾಂಕೋ ಇರುತ್ತಿತ್ತು. ಮಧ್ಯವನ್ನು ಕಡೆಗಣಿಸಿದಾಗ ಶಿಖರದ ತಳಹದಿಯೂ ಸಡಿಲಾಗುತ್ತದೆ ಎಂದು ನಾನು ಆಗ ತಂಗಿಗೆ ಹೇಳಿದೆ. ಅವಳು ಕೇಳಿದಳು, “ಹಾಗಾದ್ರೆ ಇವನನ್ನ ಯಾವ ಧೈರ್ಯದ ಮೇಲೆ ಕಳಿಸ್ಲಿ?” ನನ್ನ ಬಳಿ ಉತ್ತರ ಇರಲಿಲ್ಲ. ವಾದದಲ್ಲಿ ನಾನು ಗೆದ್ದರೂ ಅವಳ ಮಗನಿಗೆ ನೌಕರಿ ಸಿಗುವುದಿಲ್ಲವಲ್ಲ.

ಆದರೂ ಕಳಿಸಿದಳು. ಹೋದ ಭಾನುವಾರ ಪಂದ್ಯ ಇದ್ದದ್ದು ನೆರೂಳಿನಲ್ಲಿ. ಬೆಳಗಿನ ಲೋಕಲ್ ಹಿಡಿದು ಥಾಣೆಯಲ್ಲಿ ಇಳಿದು ಗಾಡಿ ಬದಲಿಸಿದೆವು. ತಾಯಿ ಕಟ್ಟಿಕೊಟ್ಟ ಇಡ್ಲಿ ಡಬ್ಬಿ ನನ್ನ ಕೈಯಲ್ಲಿ, ಬೂಟಿನ ಚೀಲ ಅವನ ತೊಡೆಯ ಮೇಲೆ. ನೆರೂಳು ಹತ್ತಿರವಾಗುತ್ತಿದ್ದಂತೆ ಆ ದೊಡ್ಡ ಕ್ರೀಡಾಂಗಣ ಕಾಣಿಸಿತು. ಅವನ ಆಟ ಅಲ್ಲಿರಲಿಲ್ಲ, ಆಚೆಯ ಮಣ್ಣಿನ ಮೈದಾನದಲ್ಲಿತ್ತು. ಎರಡನೇ ಅರ್ಧದಲ್ಲಿ ಒಮ್ಮೆ ಚೆಂಡು ಅವನತ್ತ ಬಂತು. ಬರುವ ಮೊದಲೇ ಅವನು ಭುಜ ತಿರುಗಿಸಿ ಹಿಂದೆ ನೋಡಿದ.