ಕೊಡುವ ಕೈ, ಕೇಳುವ ಬಾಯಿ

ಕೆಮ್ಮಣ್ಣುಗುಂಡಿಗೆ ಕಾಗದಪತ್ರಗಳಲ್ಲಿ ಇನ್ನೊಂದು ಹೆಸರಿದೆ: ಶ್ರೀ ಕೃಷ್ಣರಾಜೇಂದ್ರ ಗಿರಿಧಾಮ. ನಾಲ್ವಡಿಯವರು ಬೇಸಿಗೆಗೆ ಬಂದು ತಂಗುತ್ತಿದ್ದ ಬೆಟ್ಟ ಇದು. 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿ ಎಲ್ಲರದ್ದಾಯಿತು. ಆದರೆ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು "ಕೃಷ್ಣರಾಜೇಂದ್ರ ಗಿರಿಧಾಮಕ್ಕೆ ಯಾವ ಬಸ್ಸು?" ಎಂದು ಕೇಳಿ ನೋಡಿ, ಮಿಕಿ ಮಿಕಿ ನೋಡುತ್ತಾರೆ. ಜನರ ಬಾಯಲ್ಲಿ ಉಳಿದದ್ದು ಮಹಾರಾಜರ ಹೆಸರಲ್ಲ, ಕೆಂಪು ಮಣ್ಣು. ಅಲ್ಲಿಯ ಗುಲಾಬಿ ತೋಟದಲ್ಲಿ ಓಡಾಡುವ ಮಗು ಯಾರಿಗೂ ಕೃತಜ್ಞತೆಯ ಪತ್ರ ಬರೆಯಬೇಕಾಗಿಲ್ಲ. ಕೊಟ್ಟರೆ ಹಾಗೆ ಕೊಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮಂಥವರ ದಾನ ಹಾಗಿರುವುದಿಲ್ಲ ಬಿಡಿ. ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟು ಕೊಟ್ಟರೆ ಬೆಳಕಿಗೇ ಅಡ್ಡವಾಗುವಷ್ಟು ದೊಡ್ಡದಾಗಿ ಹೆಸರು ಬರೆಸುತ್ತೇವೆ. ಸರ್ಕಾರಿ ಶಾಲೆಗೆ ಕೊಡುವ ಬೀರು, ಗಡಿಯಾರ, ಊಟದ ತಟ್ಟೆಗಳ ಕಥೆಯೂ ಅಷ್ಟೆ. ಮಗು ಅನ್ನ ಉಂಡು ಮುಗಿಸುತ್ತಿದ್ದಂತೆ ತಟ್ಟೆಯ ತಳದಿಂದ ದಾನಿಗಳ ಹೆಸರು ಮೇಲೇಳುತ್ತದೆ!

ಒಂದು ಮಳೆಗಾಲದಲ್ಲಿ ನಮ್ಮ ಹೆಂಗಸರ ಗುಂಪಿಗೆ ಬೆಟ್ಟದ ತಪ್ಪಲಿನ ಪುಟ್ಟ ಸರ್ಕಾರಿ ಶಾಲೆಯ ಟೀಚರೊಬ್ಬರು ಒಂದು ಪಟ್ಟಿ ಕಳಿಸಿದರು. ಇಪ್ಪತ್ತಾರು ಟವೆಲ್ಲು, ಬಟ್ಟೆ ಒಣಹಾಕಲು ತಂತಿ, ಪುಸ್ತಕಗಳಿಗೆ ಬೂಸ್ಟು ಹಿಡಿಯದಂತೆ ಗಟ್ಟಿ ಮುಚ್ಚಳದ ಎರಡು ದೊಡ್ಡ ಡಬ್ಬ. ಇಷ್ಟೇ. ಈ ಕಡೆಯ ಮಳೆ ಕಂಡವರಿಗೆ ಬೇರೆ ವಿವರಣೆ ಬೇಡ. ಕೊಡೆಯಿದ್ದರೂ ದೂರದಿಂದ ನಡೆದು ಬಂದ ಮಗು ಸೊಂಟದಿಂದ ಕೆಳಗೆ ಒದ್ದೆ ಮುದ್ದೆ. ಆ ಲಂಗದಲ್ಲೇ ಸಂಜೆಯವರೆಗೆ ನಡುಗುತ್ತ ಕೂತರೆ ಮಗ್ಗಿ ತಲೆಗೆ ಹತ್ತುವುದು ಹೇಗೆ?

ನಮ್ಮಲ್ಲಿ ಹಿರಿಯರೊಬ್ಬರಿಗೆ ಪಟ್ಟಿ ರುಚಿಸಲಿಲ್ಲ. "ಟವೆಲ್ಲು ಏನು ಕೊಡೋದು! ದೊಡ್ಡ ಟೀವಿ ಕೊಡಿಸೋಣ. ಮಕ್ಕಳನ್ನ ನಿಲ್ಲಿಸಿ ಫೋಟೊ ತೆಗೆಸಿದ್ರೆ ಪೇಪರಿಗೂ ಬರುತ್ತೆ" ಎಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಕೊನೆಗೆ ಎಲ್ಲರಿಗಿಂತ ಹೆಚ್ಚು ದುಡ್ಡು ಬಿಚ್ಚಿದವರೂ ಅವರೇ. ಆದರೆ ಅವರ ಮಾತಿನಿಂದ ಒಂದು ಪ್ರಶ್ನೆ ಎದ್ದಿತು: ದುಡ್ಡು ನಮ್ಮದೆಂದ ಮಾತ್ರಕ್ಕೆ, ಏನು ಬೇಕೆಂದು ತೀರ್ಮಾನಿಸುವ ಹಕ್ಕೂ ನಮ್ಮದೇ?

2000ದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಸರ್ಕಾರಿ ಶಾಲೆಯ ಮೇಷ್ಟ್ರು ಚಾರ್ಲ್ಸ್ ಬೆಸ್ಟ್ 'ಡೋನರ್ಸ್‌ಚೂಸ್' ಎಂಬ ಸಂಸ್ಥೆ ಕಟ್ಟಿದರು. ದಾನಿಗಳೇ ಆರಿಸುತ್ತಾರೆ ಎಂದು ಆ ಹೆಸರಿನ ಅರ್ಥ. ತನ್ನ ತರಗತಿಗೆ ಏನು ಬೇಕು, ಏಕೆ ಬೇಕು ಎಂದು ಟೀಚರು ಬರೆಯುತ್ತಾರೆ. ಓದಿದವರು ಮನಸ್ಸಿಗೆ ಬಂದದ್ದಕ್ಕೆ ಕೈಲಾದಷ್ಟು ಕೊಡುತ್ತಾರೆ. ಸಂಸ್ಥೆ ದುಡ್ಡನ್ನು ಟೀಚರ ಕೈಗೆ ಹಾಕದೆ ಸಾಮಾನನ್ನೇ ಕೊಂಡು ಶಾಲೆಗೆ ಕಳಿಸುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2021ರ ಸೆಪ್ಟೆಂಬರಿನಲ್ಲಿ 'ವಿದ್ಯಾಂಜಲಿ' ಯೋಜನೆಗೆ ಹೊಸ ರೂಪ ಕೊಟ್ಟು, ಶಾಲೆಗಳು ತಮಗೆ ಬೇಕಾದದ್ದನ್ನು ಹೇಳಿಕೊಳ್ಳಲು ಜಾಗ ಮಾಡಿತು.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು, ಮಾತು ಟೀಚರಿಂದ ಶುರುವಾಗುವುದು. ಯಾವ ಮಗುವಿನ ಚೀಲ ಸೋರುತ್ತದೆ ಎನ್ನುವುದು ಅವರಿಗಲ್ಲದೆ ಯಾರಿಗೆ ಗೊತ್ತು? ಮೆಚ್ಚದ್ದೂ ಇದೆ. ಚೆನ್ನಾಗಿ ಬರೆಯಬಲ್ಲ ಟೀಚರ ತರಗತಿ ತುಂಬುತ್ತದೆ. ಪಾಠ ಚೆನ್ನಾಗಿ ಹೇಳಿಯೂ ಕೇಳಲು ನಾಚುವ ಪಕ್ಕದೂರಿನ ಮೇಷ್ಟ್ರ ತರಗತಿ ಹಾಗೇ ಉಳಿಯುತ್ತದೆ. ಓದುವವರ ಕರುಳು ಚುರ್ರೆನ್ನಬೇಕಾದರೆ ಮಕ್ಕಳ ಬಡತನವನ್ನು ಸ್ವಲ್ಪ ಬಣ್ಣ ಕಟ್ಟಿ ಹೇಳಬೇಕಾದೀತು. ಮನೆಯಲ್ಲಿ ನಾವು ಹೀಗೆ ಮಾಡುತ್ತೇವೆಯೇ? ಬಂದ ನೆಂಟರಿಗೆ ಮಗುವಿನ ಹರಿದ ಅಂಗಿ ತೋರಿಸಿ ಹೊಸದು ಕೊಡಿಸಿಕೊಳ್ಳುವ ತಾಯಿ ಯಾರಿದ್ದಾಳೆ? ಇದ್ದರೂ ಅವಳಿಗೆ ಅದೆಷ್ಟು ಸಂಕಟವಾಗಿರಬೇಡ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿ ಇನ್ನೂ ತೊಡಕಿನ ಪ್ರಶ್ನೆ ಹಾಕಿದಳು. "ಅಕ್ಕಾ, ಆ ಶಾಲೆಯ ಸೂರು ಸೋರುತ್ತಂತೆ. ನಾವು ಟವೆಲ್ಲು ಕೊಟ್ಟು ಒರೆಸ್ತಾ ಹೋದ್ರೆ ಸೂರು ರಿಪೇರಿ ಮಾಡಬೇಕಾದವರು ಆರಾಮಾಗಿರಲ್ವಾ?" ಅವಳ ಮಾತು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ: ಮಳೆ ಚಳಿ ತಡೆಯುವ ಕಟ್ಟಡ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ. ಇವೆಲ್ಲ ಮಗುವಿನ ಹಕ್ಕು. ಹಕ್ಕಿನದ್ದನ್ನು ದಾನವಾಗಿ ಕೊಟ್ಟು ನಮಸ್ಕಾರ ಮಾಡಿಸಿಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ. ಹಾಗೆಂದು, ಸೂರು ರಿಪೇರಿಯಾಗುವವರೆಗೆ ಮಗು ಒದ್ದೆಯಲ್ಲೇ ಕೂತಿರಲಿ ಎನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ? ನ್ಯಾಯ ನಿಧಾನವಾಗಿ ಬರಬಹುದು, ಜ್ವರ ನಿಧಾನಿಸುವುದಿಲ್ಲ.

ಕೊನೆಗೆ ಎರಡನ್ನೂ ಮಾಡಿದೆವು. ಪಟ್ಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಕೊಂಡು ಕಳಿಸಿದೆವು. ಟವೆಲ್ಲಿನ ಮೇಲೆ ಹೆಸರು ಹೊಲಿಸಲಿಲ್ಲ. ಮಕ್ಕಳ ಫೋಟೊ ಬೇಡ ಎಂದು ಟೀಚರೇ ಹೇಳಿದರು: "ಬೇಕಾದ್ರೆ ತಂತಿ ಮೇಲೆ ಒಣಗೋ ಟವೆಲ್ಲುಗಳದ್ದು ತೆಗೀರಿ ಮೇಡಂ." ಅದೇ ದಿನ ಸೂರಿನ ವಿಚಾರಕ್ಕೆ ಅರ್ಜಿ ಬರೆದು ಹನ್ನೊಂದು ಜನ ಸಹಿ ಹಾಕಿದೆವು.

ಅರ್ಜಿಗೆ ತಲುಪಿದ ಮುದ್ರೆ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ. ಟೀವಿ ಕೊಡಿಸೋಣ ಎಂದಿದ್ದ ಹಿರಿಯರು ತಿಂಗಳಿಗೊಮ್ಮೆ ಮುದ್ರೆಯ ಪ್ರತಿ ಹಿಡಿದು ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರುತ್ತಾರೆ. ಜೊತೆಗೆ ಬುತ್ತಿ ಒಯ್ಯುತ್ತಾರಂತೆ.