ಹೊಸ ರಿಂಗು, ಹಳೆ ಬೋರು


*ಇಂದಿನ ಚಿಂತನೆ*

ನಮ್ಮ ಶಾಲೆಯ ವ್ಯಾನು 3 ಲಕ್ಷ ಕಿಲೋಮೀಟರ್ ಓಡಿದೆ. ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಹೇಳಿದರು: "ಬರೀ ಪಿಸ್ಟನ್ ರಿಂಗ್ ಹಾಕಿದ್ರೆ ಸಾಲದು ಮೇಷ್ಟ್ರೇ. ಬೋರು ಸವೆದು ಓವಲ್ ಆಗಿದೆ. ಹೊಸ ರಿಂಗು ಅದರಲ್ಲಿ ಸರಿಯಾಗಿ ಕೂರಲ್ಲ, ಗಾಡಿ ಮತ್ತೆ ಆಯಿಲ್ ಕುಡಿಯುತ್ತೆ. ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು."

ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಎಲ್ಲ ಕೂಡಿದಾಗ ರಥವೆಂಬ ಹೆಸರು. ‘ನಾನು’ ಎಂಬುದೂ ಹಾಗೆಯೇ ಎಂದು ಭಂತೆ ನಾಗಸೇನರು ಮಿಲಿಂದ ದೊರೆಗೆ ತಿಳಿಸಿದರು. ಇದು ಭರವಸೆಯ ಮಾತು. ಬದಲಾಗದ ‘ನಾನು’ ಇಲ್ಲವೆಂದ ಮೇಲೆ, "ನನ್ನ ಹಣೆಬರಹವೇ ಇಷ್ಟು" ಎನ್ನುವಂತಿಲ್ಲ.

ಐದನೆಯ ಶೀಲ ಸ್ವೀಕರಿಸಿ, ಮತ್ತೆ ಕುಡಿತಕ್ಕೆ ಮರಳಿ, "ನನ್ನಿಂದಾಗದು" ಎಂದು ಕೈಚೆಲ್ಲಿದ ಬಂಧುಗಳು ನಮ್ಮ ನಡುವೆ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಶೀಲ ಸೋತಿಲ್ಲ, ನೀವೂ ಕೆಟ್ಟವರಲ್ಲ. ಹೊಸ ರಿಂಗು ಹಳೆ ಬೋರಿನಲ್ಲಿದೆ. ಸಂಜೆಯ ದಾರಿ, ಸಂಜೆಯ ಜೊತೆಗಾರರು, ಜೇಬಿನ ದುಡ್ಡು, ಇವನ್ನೂ ಬದಲಿಸಿ.

ಮನೆಯವರೇ, ಹೊಸದಾಗಿ ಕಟ್ಟಿದ ಎಂಜಿನ್ ಮೇಲೆ ಮೊದಲ ದಿನವೇ ಭಾರ ಹೇರುವುದಿಲ್ಲ. ಶೀಲ ಹಿಡಿದವರನ್ನೂ ಕೆಲವು ದಿನ ಮೆಲ್ಲಗೆ ನಡೆಸಿಕೊಳ್ಳಿ.

ಭವತು ಸಬ್ಬ ಮಂಗಲಂ 🪷